ಸ್ಟೋಮಾ ಪಕ್ಕದ ಹರ್ನಿಯಾಕ್ಕೆ ಯಾವ ಬೆಲ್ಟ್? ಅಳತೆ ಹೇಗೆ, ಕಟ್ಟುವುದು ಹೇಗೆ?

ಪ್ರಶ್ನೆ: ನನ್ನ ಮಾವನವರಿಗೆ 64 ವರ್ಷ. ಮೂರು ವರ್ಷದ ಹಿಂದೆ ಗುದನಾಳದ ಕ್ಯಾನ್ಸರಿಗೆ ಆಪರೇಷನ್ ಆಗಿ, ಹೊಟ್ಟೆಯ ಎಡಭಾಗದಲ್ಲಿ ಶಾಶ್ವತ ಕೊಲೊಸ್ಟೊಮಿ, ಅಂದರೆ ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ಹೊರಗೆ ತಂದು ಮಲ ಬರಲು ದಾರಿ (ಸ್ಟೋಮಾ) ಮಾಡಿದ್ದಾರೆ. ಕಳೆದ ಮಳೆಗಾಲದಿಂದ ಸ್ಟೋಮಾ ಸುತ್ತ ಉಬ್ಬು ಬಂದಿದೆ. ಮಲಗಿದರೆ ಇಳಿಯುತ್ತದೆ, ನಿಂತರೆ ಮತ್ತು ಕೆಮ್ಮಿದರೆ ದೊಡ್ಡದಾಗುತ್ತದೆ. ಸರ್ಜನ್ ನೋಡಿ, ‘ಹರ್ನಿಯಾ, ಸದ್ಯಕ್ಕೆ ಆಪರೇಷನ್ ಬೇಡ, ಬೆಲ್ಟ್ ಹಾಕಿ’ ಅಂದರು. ಮೆಡಿಕಲ್ ಶಾಪಿನವರು ಕೊಟ್ಟ ಬೆಲ್ಟ್ ಹಾಕಿದರೆ ಮಲ ಬ್ಯಾಗಿನೊಳಗೆ ಇಳಿಯದೆ ಮೇಲೆಯೇ ಒತ್ತಿಕೊಂಡು, ಬ್ಯಾಗ್ ಕೂರಿಸಲು ಚರ್ಮಕ್ಕೆ ಅಂಟಿಸುವ ಪ್ಲೇಟ್ ಬಿಟ್ಟು ಸೋರುತ್ತದೆ. ಅವರು ಬೇಜಾರಾಗಿ ಬೆಲ್ಟ್ ಎತ್ತಿಟ್ಟಿದ್ದಾರೆ. ನಮ್ಮದು ಅಡಿಕೆ ತೋಟ, ಅವರು ಸುಮ್ಮನೆ ಕೂರುವವರಲ್ಲ. ಯಾವ ಬೆಲ್ಟ್ ತರಬೇಕು, ಹೇಗೆ ಹಾಕಬೇಕು ತಿಳಿಸುತ್ತೀರಾ? (ಶಿರಸಿ ಕಡೆಯ ಓದುಗರು)

ಉತ್ತರ: ನಿಮ್ಮ ಮಾವನವರು ಆ ಬೆಲ್ಟನ್ನು ಎತ್ತಿಟ್ಟದ್ದರಲ್ಲಿ ತಪ್ಪೇನೂ ಇಲ್ಲ. ನೀವು ಬರೆದದ್ದನ್ನು ನೋಡಿದರೆ, ಸಿಸೇರಿಯನ್ ಅಥವಾ ಹೊಟ್ಟೆಯ ಆಪರೇಷನ್ ಆದವರು ಸುತ್ತಿಕೊಳ್ಳುವ ಸಾದಾ ಅಗಲದ ಬೆಲ್ಟ್ ಕೊಟ್ಟಿದ್ದಾರೆ ಅನ್ನಿಸುತ್ತದೆ. ಅದಕ್ಕೆ ಸ್ಟೋಮಾ ಇರುವ ಜಾಗದಲ್ಲಿ ತೂತು ಇರುವುದಿಲ್ಲ. ಬ್ಯಾಗ್ ಚಪ್ಪಟೆಯಾಗಿ ಹೊಟ್ಟೆಗೆ ಅಂಟಿಕೊಳ್ಳುತ್ತದೆ, ಹೊರಬಂದ ಮಲಕ್ಕೆ ಕೆಳಗೆ ಜಾರಲು ಜಾಗವಿಲ್ಲ, ಸ್ಟೋಮಾದ ಬುಡದಲ್ಲೇ ಗುಡ್ಡೆಯಾಗಿ ಪ್ಲೇಟಿನ ಅಂಟಿನಡಿಗೆ ನುಗ್ಗುತ್ತದೆ. ಸೋರದೆ ಇದ್ದಿದ್ದರೇ ಆಶ್ಚರ್ಯ.

ಅಂಗಡಿಯವರನ್ನೂ ದೂರಿ ಪ್ರಯೋಜನವಿಲ್ಲ. ‘ಹರ್ನಿಯಾ ಬೆಲ್ಟ್’ ಎಂದು ಕೇಳಿದರೆ ನಮ್ಮ ಊರುಗಳಲ್ಲಿ ಮೊದಲು ಕೈಗೆ ಬರುವುದು ತೊಡೆಸಂದಿನ ಹರ್ನಿಯಾಕ್ಕೆ ಹಾಕುವ, ಎರಡು ಕಡೆ ಮೆತ್ತೆ ಇರುವ ಬೆಲ್ಟ್. ‘ಹೊಟ್ಟೆಗೆ’ ಎಂದು ಬಿಡಿಸಿ ಹೇಳಿದರೆ ನಿಮಗೆ ಸಿಕ್ಕಂಥದು. ‘ಸ್ಟೋಮಾ ಬೆಲ್ಟ್’ ಎಂದರೆ ಮೂರನೆಯ ಸಾಮಾನು: ಎರಡು ಬೆರಳಗಲದ ಇಲಾಸ್ಟಿಕ್ ಪಟ್ಟಿ, ಎರಡೂ ತುದಿಗೆ ಕೊಕ್ಕೆ. ಪ್ಲೇಟಿನ ಅಥವಾ ಬ್ಯಾಗಿನ ಕಿವಿಗಳಿಗೆ ಸಿಕ್ಕಿಸಿ ಬ್ಯಾಗ್ ಬೀಳದಂತೆ ಹಿಡಿಯುವುದಷ್ಟೇ ಅದರ ಕೆಲಸ. ಹರ್ನಿಯಾಕ್ಕೆ ಅದರಿಂದ ಯಾವ ಆಸರೆಯೂ ಇಲ್ಲ. ನಿಮಗೆ ಬೇಕಾದದ್ದು ಈ ಮೂರೂ ಅಲ್ಲದ ನಾಲ್ಕನೆಯದು: ಸ್ಟೋಮಾ ಹರ್ನಿಯಾ ಸಪೋರ್ಟ್ ಬೆಲ್ಟ್. ಅಗಲವಾದ ಗಟ್ಟಿ ಇಲಾಸ್ಟಿಕ್, ಸ್ಟೋಮಾ ಬರುವಲ್ಲಿ ರಿಂಗ್ ಕೂರಿಸಿದ ತೂತು, ಇನ್ನೊಂದು ಬದಿಯಲ್ಲಿ ವೆಲ್ಕ್ರೋ. ಇದು ಸಾಮಾನ್ಯವಾಗಿ ಅಂಗಡಿಯ ಕಪಾಟಿನಲ್ಲಿ ಇರುವುದಿಲ್ಲ, ಅಳತೆ ಕೊಟ್ಟು ತರಿಸಬೇಕು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಆಗಬೇಕಾದ ಕೆಲಸವಿದೆ.

ಅಳತೆಗೆ ಹೋಗುವ ಮುಂಚೆ ಒಂದು ಮಾತು. ಕರುಳನ್ನು ಹೊರಗೆ ತರಲು ಸರ್ಜನ್ ಹೊಟ್ಟೆಯ ಸ್ನಾಯುವಿನಲ್ಲಿ ದಾರಿ ಮಾಡಿರುತ್ತಾರೆ. ವರ್ಷಗಳು ಕಳೆದಂತೆ ಆ ದಾರಿ ಹಿಗ್ಗುತ್ತದೆ. ಟೈರಿನ ಸವೆದ ಜಾಗದಲ್ಲಿ ಟ್ಯೂಬು ಉಬ್ಬಿ ಬರುವ ಹಾಗೆ ಒಳಗಿನ ಕರುಳು ಸ್ಟೋಮಾದ ಪಕ್ಕದಿಂದ ಚರ್ಮದಡಿಗೆ ಬಂದು ಕೂರುತ್ತದೆ. ಇದು ನಿಮ್ಮ ಮಾವನವರು ಏನೋ ಮಾಡಬಾರದ್ದು ಮಾಡಿದ್ದರಿಂದ ಬಂದದ್ದು ಎಂದುಕೊಳ್ಳಬೇಡಿ. ಯುರೋಪಿಯನ್ ಹರ್ನಿಯಾ ಸೊಸೈಟಿಯ 2018ರ ಮಾರ್ಗಸೂಚಿಯ ಅಂದಾಜಿನಂತೆ, ಸ್ಟೋಮಾ ಆದವರಲ್ಲಿ ಒಂದು ವರ್ಷದೊಳಗೆ ಶೇ 30ಕ್ಕಿಂತ ಹೆಚ್ಚು ಜನರಿಗೆ, ಎರಡು ವರ್ಷದ ಹೊತ್ತಿಗೆ ಶೇ 40 ಜನರಿಗೆ, ಇನ್ನೂ ಮುಂದೆ ಹೋದರೆ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನರಿಗೆ ಇದು ಬರುತ್ತದೆ. ಅದರಲ್ಲೂ ನಿಮ್ಮ ಮಾವನವರಿಗೆ ಇರುವಂಥ ಶಾಶ್ವತ ಕೊಲೊಸ್ಟೊಮಿಯಲ್ಲಿ ಹೆಚ್ಚು.

ಬೆಲ್ಟ್ ಈ ದಾರಿಯನ್ನು ಮುಚ್ಚುವುದಿಲ್ಲ. ಹರ್ನಿಯಾ ಬೆಳೆಯುವುದನ್ನು ಬೆಲ್ಟ್ ಖಂಡಿತ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ಪೂರ್ತಿ ನಂಬಬೇಡಿ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಬೆಲ್ಟಿನಿಂದ ಆಗುವ ಉಪಕಾರ ಬೇರೆ: ಎಳೆತ ಮತ್ತು ಭಾರ ಕಡಿಮೆಯಾಗುತ್ತದೆ, ಸೊಂಟನೋವು ತಗ್ಗುತ್ತದೆ, ಹೊಟ್ಟೆ ಸ್ವಲ್ಪ ಸಮತಟ್ಟಾಗುವುದರಿಂದ ಪ್ಲೇಟ್ ನಿಲ್ಲುತ್ತದೆ, ಅಂಗಿಯ ಮೇಲೆ ಉಬ್ಬು ಕಾಣುವುದಿಲ್ಲ, ಜನರ ನಡುವೆ ಓಡಾಡಲು ಧೈರ್ಯ ಬರುತ್ತದೆ. ಇವಿಷ್ಟೂ ಸಿಗಬೇಕಾದರೆ ಒಂದೇ ನಿಯಮ. ಹೊರಬಂದ ಕರುಳನ್ನು ಬೆಲ್ಟಿನಿಂದ ಒಳಗೆ ತಳ್ಳಬಾರದು. ಮಲಗಿದಾಗ ತಾನಾಗಿ ಒಳಗೆ ಹೋದದ್ದನ್ನು ಅಲ್ಲೇ ಹಿಡಿದಿಡಲು ಬೆಲ್ಟ್. ಅಳೆಯುವುದು, ಕಟ್ಟುವುದು ಎರಡೂ ಮಲಗಿಯೇ. ಬೆಲ್ಟ್ ಒಗ್ಗಲಿಲ್ಲ ಎಂದು ನನ್ನ ಬಳಿ ಬರುವ ಹೆಚ್ಚಿನವರು ನಿಂತು ಬಿಗಿದವರೇ.

ಇನ್ನು ಅಳತೆ. ಬೆಳಿಗ್ಗೆ ಬ್ಯಾಗ್ ಖಾಲಿ ಮಾಡಿಕೊಂಡು, ತೆಳು ದಿಂಬು ಇಟ್ಟು ಅಂಗಾತ ಮಲಗಲಿ. ಹದಿನೈದು ನಿಮಿಷ ಹಾಗೇ ಇರಲಿ. ಮಾತಾಡಿಸಿ ನಗಿಸಬೇಡಿ, ಕೆಮ್ಮಿದರೆ ಮತ್ತೆ ಉಬ್ಬುತ್ತದೆ. ಉಬ್ಬು ತಾನಾಗಿ ಇಳಿಯುತ್ತದೆ. ಅಂಗೈಯನ್ನು ಮೆಲ್ಲಗೆ ಮೇಲಿಡಬಹುದು, ಒತ್ತಿ ತುರುಕಬಾರದು. ಅಷ್ಟು ಹೊತ್ತು ಮಲಗಿದರೂ ಇಳಿಯದ, ಗಟ್ಟಿಯಾಗಿ ನೋಯುವ ಉಬ್ಬಿಗೆ ಬೆಲ್ಟ್ ಕಟ್ಟಲೇಬೇಡಿ, ಮೊದಲು ಸರ್ಜನ್ ನೋಡಲಿ.

ಟೈಲರ್ ಟೇಪನ್ನು ಬೆನ್ನಿನಡಿ ಸರಿಸಿ, ಸ್ಟೋಮಾ ಇರುವ ಮಟ್ಟದಲ್ಲೇ ಸುತ್ತಳತೆ ತೆಗೆಯಿರಿ. ಪ್ಯಾಂಟಿನ ಸೊಂಟದಳತೆ ಇಲ್ಲಿ ಕೆಲಸಕ್ಕೆ ಬಾರದು. ಸ್ಟೋಮಾ ಸಾಮಾನ್ಯವಾಗಿ ಹೊಕ್ಕುಳಿಗಿಂತ ಕೆಳಗಿರುತ್ತದೆ, ಪ್ಯಾಂಟು ಕಟ್ಟುವ ಜಾಗವೇ ಬೇರೆ. ಆಮೇಲೆ ನಿಂತಾಗಲೂ ಅದೇ ಮಟ್ಟದ ಅಳತೆ ಬರೆದಿಟ್ಟುಕೊಳ್ಳಿ. ತಯಾರಕರು ತಮ್ಮ ಪಟ್ಟಿಯಲ್ಲಿ ಯಾವ ಅಳತೆ ಕೇಳಿದ್ದಾರೋ ಅದನ್ನೇ ಕೊಡಬೇಕು. ಏನೂ ಹೇಳದಿದ್ದರೆ ಮಲಗಿದಾಗಿನದು. ಎರಡು ಸೈಜಿನ ನಡುವೆ ಬಂದರೆ, ಬಿಗಿಯಾಗಿರಲಿ ಎಂದು ಚಿಕ್ಕದನ್ನು ಆರಿಸಬೇಡಿ. ಚಿಕ್ಕ ಬೆಲ್ಟ್ ಎಳೆದು ಕಟ್ಟಿದಾಗ ಮೇಲಿನಂಚು ಸುರುಳಿಯಾಗಿ ಹಗ್ಗದಂತೆ ಹೊಟ್ಟೆಗೆ ಕಡಿಯುತ್ತದೆ, ಆಸರೆ ಬೇಕಾದ ಕಡೆ ಸಡಿಲವಾಗುತ್ತದೆ.

ಅಗಲ ನಿರ್ಧರಿಸುವುದು ಸ್ವಲ್ಪ ಜಾಣತನದ ಕೆಲಸ. ಅವರು ನಿಂತಾಗ ಉಬ್ಬು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂದು ಬಾಲ್ ಪೆನ್ನಿನಲ್ಲಿ ಗುರುತು ಹಾಕಿ. ಬೆಲ್ಟ್ ಆ ಗುರುತಿನ ಮೇಲೂ ಕೆಳಗೂ ಎರಡು ಬೆರಳು ಹೆಚ್ಚಿಗೆ ಮುಚ್ಚಬೇಕು. ಆಮೇಲೆ ಕುರ್ಚಿಯಲ್ಲಿ ಕೂರಿಸಿ ಕೆಳಗಿನ ಪಕ್ಕೆಲುಬಿನಿಂದ ತೊಡೆಸಂದಿನವರೆಗೆ ಎಷ್ಟು ಜಾಗವಿದೆ ನೋಡಿ. ಬೆಲ್ಟ್ ಅದಕ್ಕಿಂತ ಅಗಲವಾದರೆ ಕೂತಾಗ ಮೇಲೆ ಪಕ್ಕೆಲುಬಿಗೆ, ಕೆಳಗೆ ತೊಡೆಗೆ ಚುಚ್ಚುತ್ತದೆ. ಸುಮಾರು 10 ಸೆಂಟಿಮೀಟರಿನಿಂದ 23 ಸೆಂಟಿಮೀಟರಿನ ತನಕ ಬೇರೆ ಬೇರೆ ಅಗಲದವು ಸಿಗುತ್ತವೆ. ನಿಂತಾಗಿನ ಲೆಕ್ಕ ಅಗಲದ್ದನ್ನು ಕೇಳುತ್ತದೆ, ಕೂತಾಗಿನ ಲೆಕ್ಕ ಕಿರಿದನ್ನು. ಎರಡೂ ಹೊಂದದಿದ್ದರೆ ನಾನು ಕೂತಾಗಿನ ಲೆಕ್ಕದ ಪಕ್ಷ. ನಮ್ಮ ಕಡೆ ನೆಲದ ಮೇಲೆ ಕೂತು ಊಟ ಮಾಡುವವರು, ಚಾಲಿ (ಒಣಗಿಸಿದ ಅಡಿಕೆ) ಸುಲಿಯಲು ಗಂಟೆಗಟ್ಟಲೆ ಕೂರುವವರು, ಕುಕ್ಕರಗಾಲಲ್ಲಿ ಕೂತು ಏಳುವವರು ಬಹಳ. ಕೂತಾಗ ಚುಚ್ಚುವ ಬೆಲ್ಟ್ ಎಷ್ಟೇ ಒಳ್ಳೆಯದಾದರೂ ಎರಡನೇ ದಿನ ಗೂಟಕ್ಕೆ ಏರುತ್ತದೆ.

ಇನ್ನೆರಡು ಅಳತೆ: ಹೊಕ್ಕುಳಿನ ನೇರದಿಂದ ಸ್ಟೋಮಾದ ನಡುವಿಗೆ ಎಷ್ಟು ದೂರ, ಸ್ಟೋಮಾದ ನಡುವಿನಿಂದ ಉಬ್ಬಿನ ಮೇಲಂಚಿಗೆ ಮತ್ತು ಕೆಳಗಂಚಿಗೆ ಎಷ್ಟು. ಸಾಮಾನ್ಯವಾಗಿ ತೂತು ಬೆಲ್ಟಿನ ಅಗಲದ ನಟ್ಟನಡುವೆ ಇರುತ್ತದೆ. ಸ್ಟೋಮಾ ಬಹಳ ಕೆಳಗಿದ್ದರೆ ಅಂಥ ಬೆಲ್ಟ್ ತೊಡೆಸಂದಿಗೆ ಇಳಿಯುತ್ತದೆ. ಆಗ ತೂತು ಕೆಳಗಂಚಿನ ಹತ್ತಿರ ಬರುವಂತೆ ಹೇಳಿ ಮಾಡಿಸಬೇಕಾಗುತ್ತದೆ. ಎಡಗಡೆಯ ಸ್ಟೋಮಾ ಎಂದು ಮರೆಯದೆ ತಿಳಿಸಿ, ವೆಲ್ಕ್ರೋ ಸ್ಟೋಮಾದಿಂದ ದೂರಕ್ಕೆ ಬರಬೇಕು.

ಈಗ ತೂತಿನ ವಿಚಾರ. ಎಲ್ಲರಿಗೂ ತೂತಿನ ಬೆಲ್ಟೇ ಬೇಕೆಂದಿಲ್ಲ. ಉಬ್ಬು ಚಿಕ್ಕದಿದ್ದು, ಮಲ ಗಟ್ಟಿಯಾಗಿ ದಿನಕ್ಕೊಮ್ಮೆ ಬರುವಂಥದಾದರೆ ತೂತಿಲ್ಲದ ಮೆದು ಬೆಲ್ಟ್ ಅಥವಾ ಸೊಂಟ ಎತ್ತರದ ಗಟ್ಟಿ ಒಳಉಡುಪು ಸಾಕಾಗುತ್ತದೆ; ಬ್ಯಾಗಿನ ಕೆಳಭಾಗಕ್ಕೆ ಜಾಗ ಇರಬೇಕು ಅಷ್ಟೆ. ಇಲಿಯೊಸ್ಟೊಮಿಯಲ್ಲಿ (ಸಣ್ಣ ಕರುಳಿನ ಸ್ಟೋಮಾ) ನೀರಾದ ಮಲ ದಿನವಿಡೀ ಬರುತ್ತಿರುತ್ತದೆ, ಯುರೊಸ್ಟೊಮಿಯಲ್ಲಿ (ಮೂತ್ರದ ಸ್ಟೋಮಾ) ಮೂತ್ರ ನಿಲ್ಲದೆ ಹರಿಯುತ್ತಿರಬೇಕು. ಇವೆರಡರಲ್ಲಿ ಬ್ಯಾಗನ್ನು ಅಮುಕುವ ಬೆಲ್ಟಿನಿಂದ ತೊಂದರೆ ಬೇಗ ಶುರುವಾಗುತ್ತದೆ. ನಿಮ್ಮ ಮಾವನವರದು ಕೊಲೊಸ್ಟೊಮಿಯೇ ಆದರೂ, ಮಲ ಮೇಲೆಯೇ ಒತ್ತಿಕೊಳ್ಳುವುದನ್ನು ನೀವು ಕಣ್ಣಾರೆ ಕಂಡಿದ್ದೀರಿ, ದುಡಿಯುವ ಜೀವ ಬೇರೆ. ಅವರಿಗೆ ನನ್ನ ಸಲಹೆ ತೂತಿರುವ ಬೆಲ್ಟ್.

ತೂತು ಎಷ್ಟಿರಬೇಕು? ಬಹಳ ಜನ ಎಡವುವುದು ಇಲ್ಲೇ. ಸ್ಟೋಮಾದ ಅಳತೆ ಕೊಟ್ಟರೆ ತಪ್ಪು, ಪ್ಲೇಟಿನ ಡಬ್ಬಿಯ ಮೇಲಿನ ಸಂಖ್ಯೆ ಕೊಟ್ಟರೂ ತಪ್ಪು. ಎರಡು ಭಾಗದ ಬ್ಯಾಗುಗಳ ಮೇಲೆ 45, 57, 70 ಮಿಲಿಮೀಟರ್ ಎಂದೋ 40, 50, 60 ಎಂದೋ ಇರುತ್ತದಲ್ಲ, ಅದು ಬ್ಯಾಗೂ ಪ್ಲೇಟೂ ಕೂಡಿಕೊಳ್ಳುವ ರಿಂಗಿನ ನಂಬರು. ಬೆಲ್ಟಿನ ತೂತಿನೊಳಗಿಂದ ದಾಟಬೇಕಾದದ್ದು ಬ್ಯಾಗ್ ಕೂರಿಸಿದ ಮೇಲೆ ಉಳಿಯುವ ಹೊರ ಅಂಚು. ಸ್ಕೇಲು ಹಿಡಿದು ಆ ಹೊರ ಅಂಚನ್ನೇ ಅಳೆಯಿರಿ. ತೂತು ಅದಕ್ಕಿಂತ ಕೆಲವೇ ಮಿಲಿಮೀಟರ್ ದೊಡ್ಡದಿರಲಿ. ತೂತಿನ ಸುತ್ತಲಿನ ಗಟ್ಟಿ ಅಂಚು ಪ್ಲೇಟಿನ ಅಂಟಿನ ಭಾಗದ ಮೇಲೆ ಕೂರಬೇಕು, ಸ್ಟೋಮಾಕ್ಕೆ ಎಲ್ಲೂ ತಾಗಬಾರದು. ತೂತು ಹೆಚ್ಚು ದೊಡ್ಡದಾದರೆ ಹರ್ನಿಯಾ ಅದರೊಳಗಿಂದಲೇ ಮುಂದಕ್ಕೆ ಚಾಚುತ್ತದೆ, ಬೆಲ್ಟಿನ ಒತ್ತಡ ಸುತ್ತಲೂ ಇರುವುದರಿಂದ ನಡುವಿನ ಉಬ್ಬು ಇನ್ನಷ್ಟು ಹೆಚ್ಚಾಗುತ್ತದೆ. ಚಿಕ್ಕದಾದರೆ ಸ್ಟೋಮಾದ ಬುಡ ಹಿಸುಕಿ ಊದಿಕೊಳ್ಳುತ್ತದೆ.

ಒಂದೇ ಭಾಗದ ಬ್ಯಾಗ್ ಬಳಸುವವರು ಬ್ಯಾಗನ್ನು ಮಡಚಿ ತೂತಿನೊಳಗಿಂದ ಹೊರಕ್ಕೆ ಎಳೆಯಬೇಕು. ಅಭ್ಯಾಸವಾದರೆ ಕಷ್ಟವೇನಲ್ಲ. ಆದರೆ ಹೊಸದಾಗಿ ಬೆಲ್ಟ್ ಶುರುಮಾಡುವವರಿಗೆ ಎರಡು ಭಾಗದ್ದು ಸುಲಭ: ಪ್ಲೇಟ್ ಹಚ್ಚಿ, ಬೆಲ್ಟ್ ಕಟ್ಟಿ, ಕೊನೆಗೆ ಹೊರಗಿಂದ ಬ್ಯಾಗ್ ಕೂರಿಸಿದರೆ ಆಯಿತು. ಇನ್ನೊಂದು, ನಮ್ಮಲ್ಲಿ ಕೊಲೊಪ್ಲಾಸ್ಟ್, ಹೋಲಿಸ್ಟರ್, ಕಾನ್ವಾಟೆಕ್ ಎಂದು ಆ ತಿಂಗಳು ಅಂಗಡಿಯಲ್ಲಿ ಯಾವುದು ಸಿಕ್ಕಿತೋ ಅದನ್ನು ತರುವ ರೂಢಿ ಇದೆ. ತೂತಿನ ಬೆಲ್ಟ್ ಹಾಕುವವರಿಗೆ ಅದು ಒಗ್ಗದು. ರಿಂಗಿನ ಅಂಚು ಕಂಪನಿಯಿಂದ ಕಂಪನಿಗೆ ಬೇರೆ. ಬೆಲ್ಟ್ ತರಿಸುವ ಮೊದಲು ಬ್ಯಾಗಿನ ಕಂಪನಿ, ಸೈಜು ಗಟ್ಟಿಮಾಡಿಕೊಳ್ಳಿ, ಆಮೇಲೆ ಅದನ್ನೇ ಹಿಡಿಯಿರಿ.

‘ಮನೆಯಲ್ಲಿರುವ ಬೆಲ್ಟಿಗೇ ಟೈಲರ್ ಹತ್ತಿರ ತೂತು ಮಾಡಿಸಿದರೆ ಆಗದೇ?’ ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ತರಿಸಿದ ಬೆಲ್ಟ್ ಬರುವ ತನಕ ದಿನ ದೂಡಲು ಆಗುತ್ತದೆ. ಕತ್ತರಿಯಲ್ಲಿ ಸುಮ್ಮನೆ ಕತ್ತರಿಸಿದರೆ ಇಲಾಸ್ಟಿಕ್ ದಾರ ಬಿಚ್ಚುತ್ತಾ ಹೋಗುತ್ತದೆ. ಅಂಚಿಗೆ ಗಟ್ಟಿ ಬಟ್ಟೆಯ ಪಟ್ಟಿ ಕೊಟ್ಟು ಎರಡು ಸುತ್ತು ಹೊಲಿಸಬೇಕು. ಎಲ್ಲಿ ಕತ್ತರಿಸಬೇಕು ಎಂಬ ಗುರುತನ್ನು ಬೆಲ್ಟ್ ಕಟ್ಟಿ ಮಲಗಿದ ಸ್ಥಿತಿಯಲ್ಲೇ ಹಾಕಬೇಕು, ಮೇಜಿನ ಮೇಲೆ ಹಾಸಿ ಅಂದಾಜಿನಲ್ಲಿ ಹಾಕಿದರೆ ಇಲಾಸ್ಟಿಕ್ ಎಳೆದಾಗ ಜಾಗ ತಪ್ಪುತ್ತದೆ. ಇಷ್ಟೆಲ್ಲ ಮಾಡಿದರೂ ಒಳಗೆ ಗಟ್ಟಿ ರಿಂಗ್ ಇಲ್ಲದ ತೂತು ದಿನ ಕಳೆದಂತೆ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಆಗ ಎಸೆಯಿರಿ.

ಬಿಗಿಯ ವಿಷಯ. ಇಂಥ ಬೆಲ್ಟುಗಳಲ್ಲಿ ಮೆದು, ಮಧ್ಯಮ, ಗಟ್ಟಿ ಎಂದು ಮೂರು ದರ್ಜೆ ಸಾಮಾನ್ಯ. ಹರ್ನಿಯಾ ಇನ್ನೂ ಬಾರದವರಿಗೆ ಮುಂಜಾಗ್ರತೆಗೆ ಮೆದು, ಚಿಕ್ಕ ಉಬ್ಬಿಗೆ ಮಧ್ಯಮ, ದೊಡ್ಡ ಉಬ್ಬಿಗೂ ಮೈಮುರಿದು ದುಡಿಯುವವರಿಗೂ ಗಟ್ಟಿ. ಗಟ್ಟಿಯದನ್ನು ಒಬ್ಬರೇ ಎಳೆದು ಕಟ್ಟಲು ಕೈಯಲ್ಲಿ ಬಲ ಬೇಕು. ಬೆರಳಲ್ಲಿ ಸಂಧಿವಾತ ಇದ್ದವರಿಗೆ ಎರಡು ಹಂತದಲ್ಲಿ ಎಳೆಯುವ ವೆಲ್ಕ್ರೋ ಇರುವುದು ಒಳ್ಳೆಯದು. ಬಟ್ಟೆಯ ವಿಷಯದಲ್ಲಿ ನಿಮ್ಮ ಊರಿನ ಹವೆ ನೆನಪಿರಲಿ. ನಿಯೋಪ್ರಿನ್ ಎಂಬ ರಬ್ಬರಿನಂಥ ದಪ್ಪ ಬಟ್ಟೆ ಹಾಕಿಕೊಳ್ಳಲು ಹಿತ, ಆದರೆ ಗಾಳಿಯಾಡುವುದಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ತೊಳೆದರೆ ಒಣಗುವುದೂ ಇಲ್ಲ. ಗಾಳಿಯಾಡುವ ನೇಯ್ಗೆಯ ಇಲಾಸ್ಟಿಕ್ ಕೇಳಿ. ಒಂದನ್ನು ಒಗೆದಾಗ ಹಾಕಿಕೊಳ್ಳಲು ಇನ್ನೊಂದು ಬೇಕು, ಆದ್ದರಿಂದ ಎರಡು.

ಬೆಲ್ಟ್ ಬಂದ ಮೇಲೆ ಕಟ್ಟುವ ಕ್ರಮ ಹೀಗೆ. ಬೆಳಿಗ್ಗೆ ಎದ್ದು ಓಡಾಡುವ ಮೊದಲೇ ಕಟ್ಟುವುದು ಉತ್ತಮ, ರಾತ್ರಿಯಿಡೀ ಮಲಗಿದ್ದರಿಂದ ಉಬ್ಬು ಒಳಗೇ ಇರುತ್ತದೆ. ಸ್ನಾನ, ಬ್ಯಾಗ್ ಬದಲಿಸುವುದು ಮುಗಿಸಿಯೇ ಕಟ್ಟುವ ಅಭ್ಯಾಸವಿದ್ದರೆ ಮತ್ತೆ ಹತ್ತು ಹದಿನೈದು ನಿಮಿಷ ಮಲಗಬೇಕು. ಬೆಲ್ಟನ್ನು ಹಾಸಿಗೆಯ ಮೇಲೆ ಹಾಸಿ, ಅದರ ನಡು ಬೆನ್ನುಮೂಳೆಗೆ ಬರುವಂತೆ ಮಲಗಲಿ. ಮೊಣಕಾಲು ಸ್ವಲ್ಪ ಮಡಚಿಕೊಂಡರೆ ಹೊಟ್ಟೆ ಸಡಿಲವಾಗುತ್ತದೆ. ಮೊದಲು ಸ್ಟೋಮಾ ಕಡೆಯ ಭಾಗವನ್ನು ತಂದು ತೂತನ್ನು ಪ್ಲೇಟಿನ ರಿಂಗಿನ ಮೇಲೆ ಕೂರಿಸಿ, ಅಂಗೈಯಿಂದ ಅಲ್ಲೇ ಹಿಡಿದು, ಇನ್ನೊಂದು ತುದಿಯನ್ನು ಎಳೆದು ಬಲಬದಿಗೆ ಅಂಟಿಸಿ. ಕೆಳಗಂಚು ಮೊದಲು ಬಿಗಿಯಾಗಲಿ, ಮೇಲಂಚು ಆಮೇಲೆ. ಮೇಲಿಂದ ಬಿಗಿದರೆ ಉಬ್ಬು ಕೆಳಗೆ ಜಾರಿ ಬೆಲ್ಟಿನಡಿಯಿಂದ ಇಣುಕುತ್ತದೆ. ಬ್ಯಾಗ್ ತೂತಿನಿಂದ ಪೂರ್ತಿ ಹೊರಗೆ ಬಂದು ನೇರ ಕೆಳಗೆ ತೂಗುತ್ತಿದೆಯೇ, ಎಲ್ಲೂ ಸುಕ್ಕು ಬಿದ್ದಿಲ್ಲವೇ ನೋಡಿ. ಏಳುವಾಗ ಬಲಕ್ಕೆ ಹೊರಳಿ, ಕೈ ಊರಿ ಏಳಲಿ. ಅಂಗಾತದಿಂದ ನೇರ ಎದ್ದರೆ ಹೊಟ್ಟೆ ಬಿಗಿದು ಕೆಲಸವೆಲ್ಲ ಕೆಟ್ಟೀತು.

ನಿಂತ ಮೇಲೆ ಪರೀಕ್ಷೆ. ಬೆಲ್ಟಿನಡಿ ಎರಡು ಬೆರಳು ಹೋಗಬೇಕು. ದೀರ್ಘ ಉಸಿರು ತೆಗೆದುಕೊಳ್ಳಲು ತಡೆಯಾಗಬಾರದು. ಕೂರಲಿ, ಬಗ್ಗಲಿ, ಒಮ್ಮೆ ಕೆಮ್ಮಲಿ. ಕೆಮ್ಮಿದಾಗ ಕೈಗೆ ಒತ್ತು ತಿಳಿಯುತ್ತದೆ, ಆದರೆ ಬೆಲ್ಟ್ ಮೇಲೆ ಕೆಳಗೆ ಸರಿಯಬಾರದು. ಕಾಲು ಗಂಟೆ ಬಿಟ್ಟು ಸ್ಟೋಮಾದ ಬಣ್ಣ ನೋಡಿ. ಮೊದಲ ವಾರ ಪಾರದರ್ಶಕ ಬ್ಯಾಗ್ ಇದ್ದರೆ ಇದಕ್ಕೆ ಅನುಕೂಲ. ಎಂದಿನ ಹಾಗೆ ಕೆಂಪಗೆ, ಒದ್ದೆಯಾಗಿ ಇರಬೇಕು. ಕಪ್ಪಡರಿದರೆ, ಊದಿದರೆ ತಕ್ಷಣ ಬಿಚ್ಚಿ. ಮೊದಲ ದಿನ ಒಂದೆರಡು ಗಂಟೆ ಸಾಕು, ಆಮೇಲೆ ದಿನದಿನಕ್ಕೆ ಹೆಚ್ಚಿಸುತ್ತಾ ಹೋದರೆ ವಾರದಲ್ಲಿ ಹಗಲು ಪೂರ್ತಿ ಒಗ್ಗುತ್ತದೆ. ರಾತ್ರಿ ಬೇಡ. ತೀರ ಕೆಮ್ಮಿರುವವರು ರಾತ್ರಿಯೂ ಹಾಕಬೇಕೇ ಎಂಬುದನ್ನು ಡಾಕ್ಟರು ಹೇಳಲಿ.

ತೋಟದಲ್ಲಿ ಬಿಚ್ಚಿಕೊಂಡರೆ ಏನು ಮಾಡುವುದು? ಅಲ್ಲೇ ಕಂಬಳಿಯೋ ಹಾಳೆಯೋ ಹಾಸಿ ಮಲಗಿ ಮತ್ತೆ ಕಟ್ಟಬೇಕು. ಮಲಗುವುದು ಸಾಧ್ಯವೇ ಇಲ್ಲದಿದ್ದರೆ ಮರಕ್ಕೋ ಗೋಡೆಗೋ ಒರಗಿ, ಅಂಗೈಯಿಂದ ಉಬ್ಬನ್ನು ಕೆಳಗಿನಿಂದ ಎತ್ತಿ ಹಿಡಿದು, ಇನ್ನೊಬ್ಬರಿಂದ ವೆಲ್ಕ್ರೋ ಹಾಕಿಸಿಕೊಳ್ಳಬಹುದು. ಇದು ಮನೆ ತಲುಪುವ ತನಕದ ಉಪಾಯ.

ಉಡುದಾರದ ಮಾತು ಬರೆಯದಿದ್ದರೆ ಈ ಉತ್ತರ ಪೂರ್ತಿಯಾಗದು. ಬೆಲ್ಟಿನಡಿ ಸಿಕ್ಕಿಕೊಂಡ ಉಡುದಾರ, ಅದಕ್ಕೆ ಕಟ್ಟಿದ ತಾಯಿತ ಅಥವಾ ಕೀಲಿಕೈ ಚರ್ಮಕ್ಕೆ ಒತ್ತಿ ಗಾಯ ಮಾಡುತ್ತದೆ. ತೆಗೆಯಲು ಮನಸ್ಸಿಲ್ಲದಿದ್ದರೆ ಬೆಲ್ಟಿನ ಮೇಲಕ್ಕೆ ತಂದುಕೊಳ್ಳಲಿ. ಲುಂಗಿಯ ಗಂಟು ಎಡಕ್ಕೆ ಬರದಿರಲಿ. ಸ್ಟೋಮಾ ಇರುವ ಹೆಂಗಸರಿಗೆ ಲಂಗದ ಲಾಡಿಯದು ಇದೇ ಕಥೆ. ಬಿಗಿದ ಲಾಡಿ ಸರಿಯಾಗಿ ಬ್ಯಾಗಿನ ಮೇಲೇ ಬರುತ್ತದೆ. ಲಾಡಿಯ ಬದಲು ಅಗಲ ಇಲಾಸ್ಟಿಕ್ ಹಾಕಿಸಿದ ಲಂಗವನ್ನು ಬೆಲ್ಟಿನ ಮೇಲಂಚಿಗಿಂತ ಎತ್ತರಕ್ಕೆ ಉಡುವುದು ಒಳ್ಳೆಯದು.

ಊಟವಾದ ಮೇಲೆ ಹೊಟ್ಟೆ ಉಬ್ಬುತ್ತದೆ, ಆಗ ವೆಲ್ಕ್ರೋ ಒಂದಿಂಚು ಸಡಿಲಿಸಿದರೆ ಅಡ್ಡಿಯಿಲ್ಲ. ಬ್ಯಾಗ್ ಮೂರನೇ ಒಂದು ಭಾಗ ತುಂಬುವಷ್ಟರಲ್ಲಿ ಖಾಲಿ ಮಾಡಲಿ. ಬೆಲ್ಟ್ ಇದ್ದಾಗ ಅರ್ಧಕ್ಕಿಂತ ಹೆಚ್ಚು ತುಂಬಿದ ಬ್ಯಾಗ್ ಪ್ಲೇಟನ್ನು ಕಿತ್ತು ತೆಗೆಯುತ್ತದೆ.

ಬೆವರಿಗೆ: ಬೆಲ್ಟಿಗೂ ಮೈಗೂ ನಡುವೆ ತೆಳು ಹತ್ತಿ ಬನಿಯನ್ ಇರಲಿ, ಸ್ಟೋಮಾ ಜಾಗದಲ್ಲಿ ಬನಿಯನ್ನಿಗೂ ತೂತು ಮಾಡಿಕೊಂಡರೆ ಸುಕ್ಕಾಗುವುದಿಲ್ಲ. ಬೆಲ್ಟಿನಡಿ ಕೆಂಪಾಗಿ, ತುರಿಸಿ, ಅಂಚಿನಾಚೆಗೂ ಚಿಕ್ಕ ಚಿಕ್ಕ ಗುಳ್ಳೆ ಹರಡಿದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಡಾಕ್ಟರಿಗೆ ತೋರಿಸಿ ಅದಕ್ಕೆ ತಕ್ಕ ಪೌಡರ್ ಹಾಕಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ. ಎಣ್ಣೆ ತಾಗಿದ ಚರ್ಮಕ್ಕೆ ಪ್ಲೇಟ್ ಅಂಟುವುದಿಲ್ಲ. ಬೆಲ್ಟನ್ನು ಸಾದಾ ಸೋಪಿನಲ್ಲಿ ಕೈಯಿಂದ ಒಗೆದು, ಹಿಂಡದೆ, ನೆರಳಲ್ಲಿ ಒಣಗಿಸಿ. ಬಿಸಿನೀರು, ಬಿಸಿಲು, ಇಸ್ತ್ರಿ ಮೂರೂ ಇಲಾಸ್ಟಿಕ್ಕಿನ ಜೀವ ತೆಗೆಯುತ್ತವೆ. ವೆಲ್ಕ್ರೋ ಮುಚ್ಚಿಯೇ ಒಗೆಯಿರಿ, ಇಲ್ಲದಿದ್ದರೆ ನೂಲು ಹಿಡಿದು ಅಂಟುವುದು ನಿಲ್ಲುತ್ತದೆ.

ಸೋರುವುದಕ್ಕೆ ಬೆಲ್ಟೊಂದೇ ಕಾರಣವಾಗಿರಲಾರದು. ಹರ್ನಿಯಾ ಬಂದಾಗ ಸ್ಟೋಮಾದ ಆಕಾರವೇ ಬದಲಾಗುತ್ತದೆ. ಗುಂಡಗಿದ್ದದ್ದು ಅಂಡಾಕಾರವಾಗಬಹುದು, ನಿಂತಾಗ ಹಿಗ್ಗಿ ಮಲಗಿದಾಗ ಕುಗ್ಗಬಹುದು. ಮೂರು ವರ್ಷದ ಹಿಂದಿನ ಅಳತೆಯಲ್ಲೇ ಪ್ಲೇಟ್ ಕತ್ತರಿಸುತ್ತಿದ್ದೀರಾ ನೋಡಿ. ಮಲಗಿದಾಗಲೂ ನಿಂತಾಗಲೂ ಅಳೆದು, ದೊಡ್ಡ ಅಳತೆಗಿಂತ 2 ರಿಂದ 3 ಮಿಲಿಮೀಟರ್ ಹೆಚ್ಚು ಕತ್ತರಿಸಿ. ಉಬ್ಬಿದ ಹೊಟ್ಟೆಗೆ ಗಟ್ಟಿ ಪ್ಲೇಟ್ ಅಂಚಿನಲ್ಲಿ ಎದ್ದು ಬರುತ್ತದೆ. ಬಾಗುವ ಮೆದು ಪ್ಲೇಟ್, ಅಥವಾ ಉಬ್ಬನ್ನು ತಬ್ಬಿ ಕೂರುವಂತೆ ಒಳಗೆ ತಗ್ಗಾಗಿ ಮಾಡಿದ ಪ್ಲೇಟ್ ಸಿಗುತ್ತವೆ, ಅವುಗಳನ್ನು ಕೇಳಿ. ಸ್ಟೋಮಾ ಒಳಸೇರಿದವರಿಗೆ ಕೊಡುವ ಉಬ್ಬು ಪ್ಲೇಟನ್ನು ನೀವಾಗಿ ತಂದು ಹಚ್ಚಬೇಡಿ. ಸ್ಟೋಮಾದ ಮೂಲಕ ನೀರು ಹಾಕಿ ಕರುಳು ತೊಳೆಯುವ ಅಭ್ಯಾಸ ಅವರಿಗೆ ಇದ್ದರೆ ಈಗ ನಿಲ್ಲಿಸಿ, ಸರ್ಜನ್‌ಗೆ ತಿಳಿಸಿ. ಹರ್ನಿಯಾ ಇದ್ದಾಗ ಕರುಳಿನ ದಾರಿ ಡೊಂಕಾಗಿರುತ್ತದೆ, ಕೊಳವೆ ತಾಗಿ ತೂತಾಗುವ ಅಪಾಯವಿದೆ.

ತೋಟಕ್ಕೆ ಹೋಗಲಿ, ಬೇಡವೆನ್ನಲು ನನಗೆ ಕಾರಣ ಕಾಣುವುದಿಲ್ಲ. ಸುಮ್ಮನೆ ಕೂತರೆ ತೂಕ ಏರುತ್ತದೆ, ತೂಕ ಏರಿದರೆ ಹರ್ನಿಯಾ ಬೆಳೆಯುತ್ತದೆ. ನಡೆಯುವುದು, ಉದುರಿದ ಅಡಿಕೆ ಹೆಕ್ಕುವುದು, ಒಣಹಾಕುವುದು, ಆಳುಗಳ ಮೇಲೆ ಕಣ್ಣಿಡುವುದು ಎಲ್ಲ ಸರಿ. ಅಡಿಕೆ ಕೊನೆ (ಗೊನೆ) ಹೊರುವುದು, ಅಡಿಕೆ ಚೀಲ ಎತ್ತುವುದು, ಗೊಬ್ಬರದ ಬುಟ್ಟಿ, ಗ್ಯಾಸ್ ಸಿಲಿಂಡರ್ ಬೇಡ. ಬೆಲ್ಟ್ ಹಾಕಿದ್ದೇನಲ್ಲ ಎಂದು ಚೀಲಕ್ಕೆ ಕೈ ಹಾಕುವವರೇ ಜಾಸ್ತಿ, ಗಮನವಿರಲಿ. ಸಣ್ಣದೇನಾದರೂ ಎತ್ತುವಾಗ ಉಸಿರು ಹಿಡಿಯದೆ ಹೊರಗೆ ಬಿಡುತ್ತಾ ಎತ್ತಲಿ. ಕೆಮ್ಮು ಸೀನು ಬಂದಾಗ ಬೆಲ್ಟ್ ಇದ್ದರೂ ಅಂಗೈಯಿಂದ ಸ್ಟೋಮಾ ಜಾಗ ಒತ್ತಿ ಹಿಡಿಯಲಿ. ಬೀಡಿ ಇದ್ದರೆ ಬಿಡಿಸಿ. ಮಲಬದ್ಧತೆಗೆ ಬೇಗ ಮದ್ದು ಮಾಡಿ. ಈ ವಯಸ್ಸಿನಲ್ಲಿ ಪ್ರಾಸ್ಟೇಟ್ ತೊಂದರೆಯಿಂದ ಮೂತ್ರಕ್ಕೆ ತಿಣುಕುವ ಗಂಡಸರು ಬಹಳ, ನಾಚಿಕೆಯಿಂದ ಹೇಳುವುದಿಲ್ಲ. ಆ ತಿಣುಕಾಟವೂ ಹರ್ನಿಯಾವನ್ನು ಹೊರಗೆ ನೂಕುತ್ತದೆ. ಮಗನ ಮೂಲಕ ಕೇಳಿಸಿ.

ಇವನ್ನು ಕಂಡರೆ ಬೆಲ್ಟ್ ಬಿಚ್ಚಿ ನೇರ ಆಸ್ಪತ್ರೆಗೆ: ಉಬ್ಬು ಕಲ್ಲಿನಂತಾಗಿ ಮಲಗಿದರೂ ಇಳಿಯದಿರುವುದು, ತಡೆಯಲಾಗದ ನೋವು, ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು, ಹೊಟ್ಟೆ ಉಬ್ಬರಿಸಿ ವಾಂತಿಯಾಗುತ್ತಾ ಮಲವೂ ಗಾಳಿಯೂ ಬಾರದಿರುವುದು. ಕರುಳು ಸಿಕ್ಕಿಕೊಂಡು ರಕ್ತ ಓಡಾಟ ನಿಂತಿರಬಹುದು. ಇದಕ್ಕೆ ರಾತ್ರಿ ಕಳೆಯಲಿ ಎಂದು ಕಾಯುವ ಹಾಗಿಲ್ಲ. ಶಿರಸಿ ಕಡೆಯಿಂದ ದೊಡ್ಡ ಆಸ್ಪತ್ರೆಗೆ ಘಾಟಿ ದಾರಿಯ ಪ್ರಯಾಣ ಎಷ್ಟು ಹೊತ್ತಿನದು ಎಂದು ನಿಮಗೇ ಗೊತ್ತಲ್ಲ.

ಆಪರೇಷನ್ ಬೇಡ ಎಂದ ನಿಮ್ಮ ಸರ್ಜನ್ ಮಾತು ಸದ್ಯಕ್ಕೆ ಸರಿಯೆನಿಸುತ್ತದೆ. ಬರೀ ಹೊಲಿಗೆ ಹಾಕಿ ಮುಚ್ಚಿದರೆ ಈ ಹರ್ನಿಯಾ ಮತ್ತೆ ಬರುವ ಸಂಭವ ಬಹಳ. ಹಾಗಾಗಿ ಈಗ ಆ ಜಾಗಕ್ಕೆ ಆಸರೆಯಾಗಿ ಜಾಲರಿ (ಮೆಶ್) ಹಾಕುತ್ತಾರೆ. ಅಮೆರಿಕದ ಸರ್ಜನ್ ಪಾಲ್ ಶುಗರ್‌ಬೇಕರ್ 1985ರಲ್ಲಿ ವಿವರಿಸಿದ ವಿಧಾನದಲ್ಲಿ ಕರುಳನ್ನು ಒಳಗಿನಿಂದ ಜಾಲರಿಯ ಅಡಿಯಲ್ಲಿ ಪಕ್ಕಕ್ಕೆ ಹಾಯಿಸುತ್ತಾರೆ. ಅದೇ ಬದಲಾದ ರೂಪದಲ್ಲಿ ಇಂದು ದುರ್ಬೀನಿನ (ಲ್ಯಾಪರೊಸ್ಕೋಪಿ) ಮೂಲಕವೂ ನಡೆಯುತ್ತದೆ. ಇಷ್ಟಾದರೂ ಮರಳಿ ಬರುವುದಿಲ್ಲವೆಂಬ ಖಾತ್ರಿ ಇಲ್ಲ. ಪದೇ ಪದೇ ನೋವು, ಕರುಳು ಕಟ್ಟುವ ಲಕ್ಷಣ, ಏನು ಮಾಡಿದರೂ ಬ್ಯಾಗ್ ನಿಲ್ಲದಿರುವುದು, ಇವು ಶುರುವಾದರೆ ಆಗ ಮಾತು ಬೇರೆ.

ಅಂಗಡಿಗೆ ಅಥವಾ ಆನ್‌ಲೈನಿನಲ್ಲಿ ಆರ್ಡರ್ ಮಾಡುವಾಗ ಈ ಎಲ್ಲ ಅಳತೆಗಳ ಚೀಟಿಯ ಜೊತೆಗೆ ಬಳಸದ ಒಂದು ಪ್ಲೇಟ್ ಮತ್ತು ಬ್ಯಾಗ್ ಇಟ್ಟುಕೊಳ್ಳಿ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಸ್ಟೋಮಾ ನರ್ಸ್ ಇದ್ದರೆ ಒಮ್ಮೆ ಅವರ ಕೈಯಲ್ಲೇ ಅಳತೆ ಮಾಡಿಸಿ. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಮೆಮೋರಿಯಲ್‌ನಂಥ ಕಡೆ ಫಾಲೋ-ಅಪ್‌ಗೆ ಹೋಗುವವರಾದರೆ ಆ ದಿನವೇ ಈ ಕೆಲಸ ಮುಗಿಸಿಕೊಂಡು ಬನ್ನಿ. ತೂತಿನ ಬೆಲ್ಟನ್ನು ಅಳತೆಗೆ ಮಾಡಿಸಿದ ಮೇಲೆ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೊದಲು ಒಂದೇ ತರಿಸಿ, ಒಂದು ವಾರ ಹಾಕಿ ನೋಡಿ, ಸರಿಹೋದರೆ ಎರಡನೆಯದು. ಇಲಾಸ್ಟಿಕ್ ಸಡಿಲವಾದಾಗ, ಅಥವಾ ಅವರ ತೂಕ ಏರಿಳಿದು ಅಂಗಿಯ ಅಳತೆ ಬದಲಾದಾಗ, ಹಳೇ ಚೀಟಿ ನೋಡಿ ಆರ್ಡರ್ ಮಾಡದೆ ಮತ್ತೆ ಮಲಗಿಸಿ ಅಳೆಯಿರಿ.